ಕೆಲಸ ಬಿಟ್ಟ ಮರುದಿನ: ಪರದೇಶದ ತಾತ್ಕಾಲಿಕ ದುಡಿಮೆಯ ಕುರಿತು

ಸಭಿಕರಿಗೆಲ್ಲ ನಮಸ್ಕಾರ.

ಒಂದೆರಡು ವರ್ಷದ ಮಟ್ಟಿಗೆ ಬೇರೊಂದು ದೇಶಕ್ಕೆ ಹೋಗಿ, ಅಲ್ಲೇ ದುಡಿದು, ಅಲ್ಲೇ ಬದುಕಿ ಹಿಂತಿರುಗಬೇಕೆಂದು ಬಯಸುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಯಾವ ದೇಶ ಒಳ್ಳೆಯದು?’ ಎಂಬುದು. ಎರಡನೆಯದು ‘ಸಂಬಳ ಎಷ್ಟು ಸಿಗುತ್ತದೆ?’ ಎಂಬುದು. ಎರಡೂ ಸಹಜವಾದ ಪ್ರಶ್ನೆಗಳೇ. ಆದರೆ ಇವಕ್ಕೆ ಉತ್ತರ ಹುಡುಕುವ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಿರೆಂದು ಒತ್ತಾಯಿಸುವುದಕ್ಕಾಗಿಯೇ ನಾನು ಇಂದು ಇಲ್ಲಿಗೆ ಬಂದಿದ್ದೇನೆ. ಅಲ್ಲಿ ಸೇರಿದ ಕೆಲಸವನ್ನು ನೀವು ಬಿಟ್ಟರೆ, ಬಿಟ್ಟ ಮರುದಿನ ಬೆಳಿಗ್ಗೆ ಆ ದೇಶದಲ್ಲಿ ನಿಮ್ಮ ಸ್ಥಾನವೇನು? ಇನ್ನೊಂದು ಕೆಲಸ ಹುಡುಕಿಕೊಳ್ಳುವ ಹಕ್ಕುಳ್ಳ ನಿವಾಸಿಯೋ, ದಿನ ಎಣಿಸುತ್ತ ಹೊರಡಬೇಕಾದ ಅತಿಥಿಯೋ, ಅಥವಾ ಆ ಕ್ಷಣದಿಂದಲೇ ಕಾನೂನಿನ ಕಣ್ಣಿಗೆ ಅಪರಾಧಿಯೋ?

ಈ ಪ್ರಶ್ನೆಯ ಬೆಲೆಯನ್ನು ನಾನು ಓದಿ ತಿಳಿದದ್ದಲ್ಲ. ಎರಡು ಸಲ ಪರದೇಶದಲ್ಲಿ ದುಡಿದಿದ್ದೇನೆ. ಮೊದಲ ಸಲ ನನ್ನ ಕೆಲಸದ ಪರವಾನಗಿ ನನ್ನ ಹೆಸರಿಗೇ ಸೇರಿದ್ದು. ಯಾರ ಬಳಿ ಬೇಕಾದರೂ ಕೆಲಸ ಮಾಡಬಹುದಿತ್ತು. ಎರಡನೆಯ ಸಲ ಪರವಾನಗಿಯ ಮೇಲೆ ನನ್ನ ಹೆಸರಿನ ಕೆಳಗೆ ಉದ್ಯೋಗದಾತನ ಹೆಸರೂ ಅಚ್ಚಾಗಿತ್ತು. ಎರಡೂ ಕಡೆ ಒಂದೇ ಬಗೆಯ ತೊಂದರೆ ಎದುರಾಯಿತು: ವಾರದ ಲೆಕ್ಕದಲ್ಲಿ ದುಡಿದ ಕೆಲವು ಗಂಟೆಗಳು ಕಾಣೆಯಾಗಿದ್ದವು. ಮೊದಲ ಸಲ ಅಂದು ಸಂಜೆಯೇ ಹೋಗಿ ಕೇಳಿದೆ, ಮರುವಾರ ಹಣ ಬಂತು. ಎರಡನೆಯ ಸಲ ಕೇಳುವುದಕ್ಕೆ ಹನ್ನೊಂದು ದಿನ ಹಿಂಜರಿದೆ. ನಾನೇನೂ ಬೇರೆ ಮನುಷ್ಯನಾಗಿರಲಿಲ್ಲ, ಮಾಲೀಕರೂ ಮೊದಲಿನವರಿಗಿಂತ ಕೆಟ್ಟವರಾಗಿರಲಿಲ್ಲ. ಅವರಿಗೆ ಸಿಟ್ಟು ಬಂದರೆ ನಾನು ಕಳೆದುಕೊಳ್ಳುವುದು ಕೆಲಸವನ್ನು ಮಾತ್ರವಲ್ಲ, ಆ ದೇಶದಲ್ಲಿ ಉಳಿಯುವ ಅನುಮತಿಯನ್ನೂ ಎಂಬ ಅರಿವು ನನ್ನ ನಾಲಿಗೆಯನ್ನು ಕಟ್ಟಿತ್ತು.

ಆದ್ದರಿಂದ ಪರದೇಶದಲ್ಲಿ ತಾತ್ಕಾಲಿಕವಾಗಿ ದುಡಿಯಲು ಅವಕಾಶ ಕೊಡುವ ಕಾರ್ಯಕ್ರಮಗಳನ್ನು ನಾನು ದೇಶವಾರು ವಿಂಗಡಿಸುವುದಿಲ್ಲ. ಪರವಾನಗಿ ವ್ಯಕ್ತಿಗೆ ಅಂಟಿಕೊಂಡಿದೆಯೇ, ಉದ್ಯೋಗದಾತನಿಗೆ ಅಂಟಿಕೊಂಡಿದೆಯೇ ಎಂಬುದರ ಮೇಲೆ ವಿಂಗಡಿಸುತ್ತೇನೆ. ಒಂದೇ ದೇಶದ ಒಂದೇ ಕಾರ್ಯಕ್ರಮದೊಳಗೆ ಎರಡೂ ಬಗೆಗಳು ಇರುವುದುಂಟು. ಕೆನಡಾದ ‘ಇಂಟರ್‌ನ್ಯಾಷನಲ್ ಎಕ್ಸ್‌ಪೀರಿಯೆನ್ಸ್ ಕೆನಡಾ’ ಯೋಜನೆಯಲ್ಲಿ ಮೂರು ವಿಭಾಗಗಳಿವೆ. ‘ವರ್ಕಿಂಗ್ ಹಾಲಿಡೇ’ ವಿಭಾಗದಲ್ಲಿ ಹೋದವರಿಗೆ ಮುಕ್ತ ಪರವಾನಗಿ ಸಿಗುತ್ತದೆ. ‘ಯಂಗ್ ಪ್ರೊಫೆಷನಲ್ಸ್’ ಮತ್ತು ‘ಇಂಟರ್‌ನ್ಯಾಷನಲ್ ಕೋ-ಆಪ್’ ವಿಭಾಗಗಳಲ್ಲಿ ಹೋದವರ ಪರವಾನಗಿ ನಿರ್ದಿಷ್ಟ ಉದ್ಯೋಗದಾತನಿಗೆ ಸೀಮಿತವಾಗಿರುತ್ತದೆ. ಒಂದೇ ಜಾಹೀರಾತು ನೋಡಿ ಒಂದೇ ವಿಮಾನದಲ್ಲಿ ಹೋದ ಇಬ್ಬರು ಗೆಳೆಯರು ಎರಡು ಬೇರೆ ಬೇರೆ ಕಾನೂನುಗಳ ಕೆಳಗೆ ಬದುಕುತ್ತಿರುತ್ತಾರೆ.

ಮೊದಲು ಮುಕ್ತ ಬಗೆಯನ್ನು ನೋಡೋಣ. ‘ವರ್ಕಿಂಗ್ ಹಾಲಿಡೇ’ ಎಂದು ಈಗ ಜಗತ್ತಿನ ಹಲವೆಡೆ ಕರೆಯಲ್ಪಡುವ ಏರ್ಪಾಟನ್ನು ಆಸ್ಟ್ರೇಲಿಯಾ 1975ರ ಜನವರಿಯಲ್ಲಿ ಬ್ರಿಟನ್, ಕೆನಡಾ, ಐರ್ಲೆಂಡ್ ದೇಶಗಳ ಯುವಜನರಿಗಾಗಿ ಆರಂಭಿಸಿತು. 1980ರಲ್ಲಿ ಜಪಾನ್ ಸೇರಿಕೊಂಡಿತು. ಅಲ್ಲಿಂದ ಮುಂದೆ ದೇಶ ದೇಶಗಳ ನಡುವೆ ಇಂಥ ಒಪ್ಪಂದಗಳು ಹಬ್ಬುತ್ತ ಹೋದವು. ಇವುಗಳ ಹಿಂದಿರುವ ಯೋಚನೆ ಸರಳವಾದದ್ದು: ನಮ್ಮ ಯುವಕರು ನಿಮ್ಮಲ್ಲಿಗೆ ಬರಲಿ, ನಿಮ್ಮವರು ನಮ್ಮಲ್ಲಿಗೆ ಬರಲಿ, ದಾರಿಖರ್ಚಿಗೆ ಬೇಕಾದಷ್ಟನ್ನು ಅವರೇ ದುಡಿದುಕೊಳ್ಳಲಿ. ಕಾಗದದ ಮೇಲೆ ಇಲ್ಲಿ ಪ್ರವಾಸವೇ ಮುಖ್ಯ, ದುಡಿಮೆ ಅದಕ್ಕೆ ಆಸರೆ. ಹಾಗಾಗಿಯೇ ಆಸ್ಟ್ರೇಲಿಯಾದಲ್ಲಿ ಈ ವೀಸಾದವರು ಸಾಮಾನ್ಯವಾಗಿ ಒಬ್ಬ ಉದ್ಯೋಗದಾತನ ಬಳಿ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ನ್ಯೂಜಿಲೆಂಡಿನಲ್ಲಿ ಕಾಯಂ ಹುದ್ದೆಯನ್ನು ಒಪ್ಪಿಕೊಳ್ಳುವಂತಿಲ್ಲ. ಇವುಗಳನ್ನು ನಿರ್ಬಂಧಗಳೆಂದು ಓದುವವರೇ ಹೆಚ್ಚು. ನನಗೆ ಮಾತ್ರ ಆರು ತಿಂಗಳ ನಿಯಮದಲ್ಲಿ ಒಂದು ರಕ್ಷಣೆಯೂ ಕಾಣುತ್ತದೆ. ಇವನು ಹೇಗಿದ್ದರೂ ಹೊರಡುವವನೇ ಎಂಬುದು ಮಾಲೀಕನಿಗೂ ಗೊತ್ತಿರುವುದರಿಂದ, ಹೊರಡುವುದು ದ್ರೋಹವೆನಿಸುವುದಿಲ್ಲ.

ವಯಸ್ಸಿನ ಗಡಿ ಇಲ್ಲಿ ಕಟ್ಟುನಿಟ್ಟು. ಬಹುತೇಕ ಒಪ್ಪಂದಗಳಲ್ಲಿ 18ರಿಂದ 30, ಕೆಲವದರಲ್ಲಿ 35. ಯಾವ ದೇಶದ ಪಾಸ್‌ಪೋರ್ಟ್ ಎಂಬುದು ಅದಕ್ಕಿಂತಲೂ ಕಟ್ಟುನಿಟ್ಟು. ಕೆಲವು ದೇಶದವರು ಅರ್ಜಿ ಹಾಕಿದರೆ ಸಾಕು. ಇನ್ನು ಕೆಲವರು ಲಾಟರಿಯಲ್ಲಿ ಹೆಸರು ಬರಲಿ ಎಂದು ಕಾಯಬೇಕು. ಆಸ್ಟ್ರೇಲಿಯಾ 2024ರಲ್ಲಿ ಇದೇ ಬಗೆಯ ತನ್ನ ಇನ್ನೊಂದು ವೀಸಾ ‘ವರ್ಕ್ ಆ್ಯಂಡ್ ಹಾಲಿಡೇ’ಗೆ ಚೀನಾ, ಭಾರತ, ವಿಯೆಟ್ನಾಂ ದೇಶಗಳ ಅರ್ಜಿದಾರರಿಗೆ ಲಾಟರಿ ಪದ್ಧತಿ ತಂದಿತು. ಭಾರತೀಯರಿಗೆ ವರ್ಷಕ್ಕೆ ಇರುವುದು 1,000 ಸ್ಥಾನ. ಬ್ರಿಟನ್ 2023ರಲ್ಲಿ ಭಾರತೀಯ ಯುವ ವೃತ್ತಿಪರರಿಗಾಗಿ ತೆರೆದ ಯೋಜನೆಯಲ್ಲಿ ವರ್ಷಕ್ಕೆ 3,000 ಸ್ಥಾನ, ಪದವಿಯ ಅರ್ಹತೆ, ಎರಡು ವರ್ಷದ ಅವಧಿ, ಅಲ್ಲೂ ಲಾಟರಿಯೇ. ಇಷ್ಟು ಕಡಿಮೆ ಸ್ಥಾನಗಳಿರುವಲ್ಲಿ ‘ನಮ್ಮ ಮೂಲಕ ಬಂದರೆ ಆಯ್ಕೆ ಖಚಿತ’ ಎನ್ನುವ ಮಧ್ಯವರ್ತಿಗಳು ಹುಟ್ಟಿಕೊಳ್ಳುವುದು ಸಹಜ. ಲಾಟರಿಯನ್ನು ಯಾರೂ ಖಚಿತಪಡಿಸಲಾರರು. ಅಂಥವರಿಗೆ ಕೊಟ್ಟ ಹಣ ಹೋದ ಹಾಗೆಯೇ.

ಮುಕ್ತ ಪರವಾನಗಿ ಇದ್ದವರು ಪೂರ್ತಿ ಸುರಕ್ಷಿತರೆಂದು ನೀವು ತಿಳಿಯಬಾರದು. ಅದರೊಳಗೂ ಒಂದು ಬಾಗಿಲು ಮುಚ್ಚಬಹುದು. ಆಸ್ಟ್ರೇಲಿಯಾದ 88 ದಿನಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

2005ರ ಕೊನೆಯಲ್ಲಿ ಆಸ್ಟ್ರೇಲಿಯಾ ಒಂದು ಹೊಸ ಅವಕಾಶ ಕೊಟ್ಟಿತು. ಮೊದಲ ವರ್ಷದಲ್ಲಿ ಮೂರು ತಿಂಗಳು, ಅಂದರೆ 88 ದಿನ, ನಗರಗಳಿಂದ ದೂರದ ಪ್ರದೇಶದಲ್ಲಿ ನಿಗದಿತ ಬಗೆಯ ಕೆಲಸ ಮಾಡಿದವರಿಗೆ ಎರಡನೆಯ ವರ್ಷದ ವೀಸಾ. 2019ರ ಜುಲೈಯಿಂದ, ಎರಡನೆಯ ವರ್ಷದಲ್ಲಿ ಆರು ತಿಂಗಳು ಹಾಗೆ ದುಡಿದವರಿಗೆ ಮೂರನೆಯ ವರ್ಷವೂ ಸಿಗತೊಡಗಿತು. ತೋಟಗಳಲ್ಲಿ ಹಣ್ಣು ಕೀಳಲು, ಹೊಲಗಳಲ್ಲಿ ತರಕಾರಿ ಬಿಡಿಸಲು ಕೈಗಳು ಬೇಕಿದ್ದವು. ಇನ್ನೊಂದು ವರ್ಷ ಉಳಿಯಲು ಯುವಜನರಿಗೆ ದಿನಗಳು ಬೇಕಿದ್ದವು. ಹೊರನೋಟಕ್ಕೆ ಇಬ್ಬರಿಗೂ ಲಾಭ. ಆದರೆ ಆ 88 ದಿನಗಳ ಮಟ್ಟಿಗೆ ಪರವಾನಗಿಯ ಸ್ವಭಾವವೇ ಬದಲಾಗಿಬಿಡುತ್ತದೆ. 60 ದಿನ ಮುಗಿಸಿದವನಿಗೆ ಉಳಿದ 28 ದಿನಗಳು ಎಷ್ಟು ಅಮೂಲ್ಯವೆಂಬುದು ತೋಟದ ಗುತ್ತಿಗೆದಾರನಿಗೆ ಚೆನ್ನಾಗಿ ಗೊತ್ತು. ದಿನಗಳಿಗೆ ಸಾಕ್ಷಿಯಾಗುವ ಕಾಗದಪತ್ರ ಅವನ ಕೈಯಲ್ಲಿದೆ. ದೂರದ ಊರು, ಬಸ್ಸಿಲ್ಲದ ರಸ್ತೆ, ಕೆಲಸ ಕೊಡಿಸುವವನೇ ನಡೆಸುವ ಹಾಸ್ಟೆಲು, ಕೆಲಸವಿಲ್ಲದ ವಾರಕ್ಕೂ ತೆರಬೇಕಾದ ಬಾಡಿಗೆ: ಇವೆಲ್ಲ ಸೇರಿದಾಗ ಕಾಗದದ ಮೇಲಿನ ಸ್ವಾತಂತ್ರ್ಯ ಕಾಗದದ ಮೇಲೆಯೇ ಉಳಿಯುತ್ತದೆ.

ಇದರ ಜೊತೆಗೆ ತೂಕದ ಅಥವಾ ಬುಟ್ಟಿಯ ಲೆಕ್ಕದ ಕೂಲಿ. ಪಳಗಿದ ಕೈಯವನು ಬುಟ್ಟಿ ತುಂಬಿಸುವ ಹೊತ್ತಿನಲ್ಲಿ ಹೊಸಬನದು ಕಾಲುಭಾಗವೂ ತುಂಬಿರುವುದಿಲ್ಲ. ಇಡೀ ದಿನ ಬಿಸಿಲಲ್ಲಿ ಬೆನ್ನು ಬಗ್ಗಿಸಿ ದುಡಿದವರಿಗೆ ಅಂದಿನ ಊಟ ಬಾಡಿಗೆಗೂ ಸಾಲದಷ್ಟು ಕೂಲಿ ಬಂದದ್ದುಂಟು. ಆಸ್ಟ್ರೇಲಿಯಾದಲ್ಲಿ ವೇತನ ಮತ್ತು ದುಡಿಮೆಯ ಷರತ್ತುಗಳನ್ನು ನಿರ್ಧರಿಸುವ ಫೇರ್ ವರ್ಕ್ ಆಯೋಗ 2021ರ ನವೆಂಬರಿನಲ್ಲಿ ಈ ಬಗ್ಗೆ ತೀರ್ಪು ಕೊಟ್ಟಿತು. 2022ರ ಏಪ್ರಿಲ್ 28ರಿಂದ, ಬುಟ್ಟಿಯ ಲೆಕ್ಕದಲ್ಲಿ ದುಡಿದರೂ ತಾಸಿನ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. 88 ದಿನಗಳ ನಿಯಮದ ಆರಂಭದಿಂದ ಈ ತಿದ್ದುಪಡಿಯವರೆಗೆ ಹದಿನಾರು ವರ್ಷಗಳು. ಆ ಅವಧಿಯಲ್ಲಿ ದುಡಿದು ಹೋದವರು ಎಷ್ಟು ದೇಶಗಳಲ್ಲಿ ಚದುರಿಹೋಗಿದ್ದಾರೋ! ತಾತ್ಕಾಲಿಕ ದುಡಿಮೆಗಾರರ ಕಷ್ಟ ಬೇಗ ಕಾನೂನಿನ ಕಿವಿಗೆ ಬೀಳದಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಭಾವನೆ: ದೂರು ರೂಪುಗೊಳ್ಳುವ ಹೊತ್ತಿಗೆ ದೂರುದಾರ ವಿಮಾನ ಹತ್ತಿರುತ್ತಾನೆ.

ವಾಸದ ಜಾಗದ ಬಗ್ಗೆ ಮಾತಾಡುವಾಗ ನಾನು ಒಂದು ದಿನಾಂಕವನ್ನು ಹೇಳದೆ ಮುಂದೆ ಹೋಗುವುದಿಲ್ಲ. 2000ನೇ ಇಸವಿಯ ಜೂನ್ 23ರಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಚಿಲ್ಡರ್ಸ್ ಎಂಬ ಸಣ್ಣ ಊರಿನ ಹಾಸ್ಟೆಲೊಂದಕ್ಕೆ ಬೆಂಕಿ ಹಚ್ಚಲಾಯಿತು. ಹಣ್ಣು ತರಕಾರಿ ಬಿಡಿಸುವ ಕೆಲಸಕ್ಕೆ ಬಂದ ಹಲವು ದೇಶಗಳ ಯುವಜನರು ಅಲ್ಲಿ ತಂಗಿದ್ದರು. 15 ಮಂದಿ ತೀರಿಕೊಂಡರು. ಬೆಂಕಿ ಇಟ್ಟವನಿಗೆ ಶಿಕ್ಷೆಯಾಯಿತು, ಕಡಿಮೆ ದರದ ವಸತಿಗೃಹಗಳ ಅಗ್ನಿಸುರಕ್ಷತೆಯ ನಿಯಮಗಳು ಅಲ್ಲಿ ಬಿಗಿಯಾದವು. ಯಾವ ದೇಶಕ್ಕೇ ಹೋಗಿ, ಹಂಚಿಕೊಂಡ ಕೋಣೆಗೆ ಕಾಲಿಟ್ಟ ಮೊದಲ ರಾತ್ರಿ ಮಲಗುವ ಮುನ್ನ ಹೊರಹೋಗುವ ಎರಡನೆಯ ದಾರಿ ಎಲ್ಲಿದೆ, ಕಿಟಕಿ ತೆರೆಯುತ್ತದೆಯೇ, ಹೊಗೆಯ ಎಚ್ಚರಗಂಟೆ ಕೆಲಸ ಮಾಡುತ್ತದೆಯೇ ಎಂದು ನೋಡಿಕೊಳ್ಳಿ. ಇದನ್ನು ನಾನು ಬೇಡಿಕೊಂಡು ಹೇಳುತ್ತಿದ್ದೇನೆ.

ಈಗ ನಡುವಿನ ಬಗೆಗೆ ಬರೋಣ. ಇಲ್ಲಿ ಪರವಾನಗಿ ಪೂರ್ತಿ ನಿಮ್ಮದೂ ಅಲ್ಲ, ಪೂರ್ತಿ ಉದ್ಯೋಗದಾತನದೂ ಅಲ್ಲ. ನಡುವೆ ಪ್ರಾಯೋಜಕ ಸಂಸ್ಥೆಯೊಂದು ಇರುತ್ತದೆ. ಅಮೆರಿಕದ ಜೆ-1 ವೀಸಾ ಇದಕ್ಕೆ ಪ್ರಸಿದ್ಧ ಉದಾಹರಣೆ. 1961ರ ಸಾಂಸ್ಕೃತಿಕ ವಿನಿಮಯದ ಕಾನೂನಿನಲ್ಲಿ ಇದರ ಬೇರು ಇದೆ. ಸಂಶೋಧಕರು, ಶಿಕ್ಷಕರು, ಬೇಸಿಗೆ ಶಿಬಿರದ ಸಹಾಯಕರು, ಒಂದು ಕುಟುಂಬದ ಮನೆಯಲ್ಲೇ ಇದ್ದು ಅದರ ಮಕ್ಕಳನ್ನು ನೋಡಿಕೊಳ್ಳುವ ‘ಓ ಪೇರ್’ಗಳು, ಕಾಲೇಜು ರಜೆಯಲ್ಲಿ ನಾಲ್ಕು ತಿಂಗಳವರೆಗೆ ದುಡಿಯಬಹುದಾದ ವಿದ್ಯಾರ್ಥಿಗಳು, ಎಲ್ಲರೂ ಇದೇ ಕೊಡೆಯ ಕೆಳಗೆ ಬರುತ್ತಾರೆ. ಕೆಲಸ ಬದಲಾಯಿಸಲು ಪ್ರಾಯೋಜಕರ ಒಪ್ಪಿಗೆ ಬೇಕು. ಪ್ರಾಯೋಜಕರು ಜವಾಬ್ದಾರಿಯುಳ್ಳವರಾದರೆ ಈ ಏರ್ಪಾಟು ಒಂಟಿಯಾಗಿ ಬಂದವರಿಗೆ ದೊಡ್ಡ ಆಸರೆ. ಅವರು ಫೋನೆತ್ತದವರಾದರೆ ಯಾರ ಬಳಿಗೂ ಹೋಗಲಾಗದ ಸ್ಥಿತಿ. 2011ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯಾದ ಚಾಕೊಲೇಟ್ ಪ್ಯಾಕಿಂಗ್ ಕೇಂದ್ರವೊಂದರಲ್ಲಿ ಬೇಸಿಗೆ ಕೆಲಸಕ್ಕೆ ಬಂದ ನೂರಾರು ವಿದೇಶಿ ವಿದ್ಯಾರ್ಥಿಗಳು ಕೆಲಸ ನಿಲ್ಲಿಸಿ ಹೊರನಡೆದರು. ಸಂಸ್ಕೃತಿ ಅರಿಯಲೆಂದು ಬಂದವರು ಭಾರದ ಪೆಟ್ಟಿಗೆಗಳನ್ನೆತ್ತುತ್ತ ರಾತ್ರಿಪಾಳಿ ಮಾಡುತ್ತಿದ್ದರು. ಬಾಡಿಗೆ ಕಡಿತವಾದ ಮೇಲೆ ಕೈಗೆ ಉಳಿಯುತ್ತಿದ್ದುದು ಅಲ್ಪ. ಮರುವರ್ಷ ಅಮೆರಿಕದ ವಿದೇಶಾಂಗ ಇಲಾಖೆ ಈ ವಿಭಾಗದ ನಿಯಮಗಳನ್ನು ಬಿಗಿಗೊಳಿಸಿ ಹಲವು ಬಗೆಯ ಕೆಲಸಗಳನ್ನು ನಿಷೇಧಿಸಿತು. ಒಬ್ಬೊಬ್ಬರೇ ಹೇಳಿದ್ದರೆ ಕೇಳಿಸದೆ ಹೋಗುತ್ತಿದ್ದ ಮಾತನ್ನು ಆ ವಿದ್ಯಾರ್ಥಿಗಳು ಒಟ್ಟಾಗಿ ಕೇಳಿಸಿದರು.

ಓ ಪೇರ್ ಏರ್ಪಾಟಿನ ಲೆಕ್ಕವನ್ನು ಒಮ್ಮೆ ಎಲ್ಲರೂ ಕೈಯಾರೆ ಹಾಕಿ ನೋಡಬೇಕೆಂದು ನನ್ನ ಆಸೆ. ಅಮೆರಿಕದಲ್ಲಿ ಬಹುಕಾಲ ಪ್ರಚಲಿತವಾಗಿರುವ ವಾರದ ಭತ್ಯೆ 195.75 ಡಾಲರ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಕೇಂದ್ರ ಸರ್ಕಾರದ ಕನಿಷ್ಠ ವೇತನ ತಾಸಿಗೆ 7.25 ಡಾಲರ್, ವಾರಕ್ಕೆ 45 ತಾಸು, ಗುಣಿಸಿದರೆ 326.25. ಅದರಲ್ಲಿ ಊಟ ಮತ್ತು ವಸತಿಯ ಬಾಬ್ತು ಶೇಕಡ 40 ಕಳೆದರೆ 195.75. ಮನೆಯ ಸದಸ್ಯೆಯಂತೆ ಇರಬಹುದು, ಭಾಷೆ ಕಲಿಯಬಹುದು ಎಂಬ ಮಾತಿನ ಹಿಂದೆ ಇರುವುದು ಕೂಲಿಯ ಲೆಕ್ಕವೇ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಕೂಲಿಯೆಂದು ಇಬ್ಬರಿಗೂ ಗೊತ್ತಿರಬೇಕು ಎನ್ನುತ್ತೇನೆ. ಮ್ಯಾಸಚೂಸೆಟ್ಸ್ ರಾಜ್ಯದ ವೇತನ ಕಾನೂನು ಓ ಪೇರ್‌ಗಳಿಗೂ ಅನ್ವಯಿಸುತ್ತದೆಂದು 2019ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದಾಗ ಅನೇಕ ಕುಟುಂಬಗಳಿಗೆ ಆಘಾತವಾಯಿತು. ಯುರೋಪಿನಲ್ಲಿ 1969ರಷ್ಟು ಹಿಂದೆಯೇ ಸ್ಟ್ರಾಸ್‌ಬರ್ಗ್‌ನಲ್ಲಿ ರೂಪುಗೊಂಡ ಒಪ್ಪಂದವು ಓ ಪೇರ್ ದಿನಕ್ಕೆ ಸಾಮಾನ್ಯವಾಗಿ ಐದು ತಾಸಿಗಿಂತ ಹೆಚ್ಚು ದುಡಿಯಬಾರದು, ವಾರಕ್ಕೆ ಪೂರ್ತಿ ಒಂದು ದಿನವಾದರೂ ಬಿಡುವಿರಬೇಕು, ಕರಾರು ಲಿಖಿತವಾಗಿರಬೇಕು ಎಂದು ಬರೆದಿಟ್ಟಿತ್ತು. ಮನೆಯೇ ಕೆಲಸದ ಜಾಗವಾದಾಗ ಕೆಲಸ ಎಲ್ಲಿ ಮುಗಿಯಿತು, ಬಿಡುವು ಎಲ್ಲಿ ಶುರುವಾಯಿತು ಎಂಬ ಗೆರೆಯನ್ನು ಯಾರಾದರೂ ಎಳೆಯಲೇಬೇಕು. ಆ ಗೆರೆಯನ್ನು ಬಂದ ಮೊದಲ ವಾರವೇ ಎಳೆಯುವುದು ಸುಲಭ, ಆರನೆಯ ತಿಂಗಳಲ್ಲಿ ಕಷ್ಟ.

ಇನ್ನು ಮೂರನೆಯ ಬಗೆ, ಉದ್ಯೋಗದಾತನಿಗೇ ಕಟ್ಟುಬಿದ್ದದ್ದು. ಕಟ್ಟುಬಿದ್ದ ಪರವಾನಗಿಯೆಲ್ಲ ಕೆಟ್ಟದ್ದೆಂಬ ತೀರ್ಮಾನಕ್ಕೆ ಬರಬೇಡಿ. 1987ರಿಂದ ನಡೆಯುತ್ತಿರುವ ಜಪಾನಿನ ಜೆಟ್ ಕಾರ್ಯಕ್ರಮದಲ್ಲಿ ಹೊರದೇಶಗಳ ಪದವೀಧರರು ಒಂದು ವರ್ಷದ ಕರಾರಿನ ಮೇಲೆ, ಹೆಚ್ಚೆಂದರೆ ಐದು ವರ್ಷದವರೆಗೆ, ಹೆಚ್ಚಾಗಿ ಶಾಲೆಗಳಲ್ಲಿ ಭಾಷಾ ಸಹಾಯಕರಾಗಿ ದುಡಿಯುತ್ತಾರೆ. ಯಾವ ಊರು ಸಿಗುತ್ತದೆಂಬುದು ಅವರ ಕೈಯಲ್ಲಿಲ್ಲ. ಆದರೂ ಕೆಲಸ ಕೊಡುವವರು ಹೆಚ್ಚಾಗಿ ಸ್ಥಳೀಯ ಆಡಳಿತ ಸಂಸ್ಥೆಗಳಾದ್ದರಿಂದ ಸಂಬಳ, ರಜೆ, ವಿಮೆ ಎಲ್ಲವೂ ಮೊದಲೇ ಬರೆದಿಟ್ಟಂತೆ ನಡೆಯುತ್ತವೆ. ಸಿಕ್ಕ ಊರಿನಂತೆ ಅನುಭವ ಬದಲಾಗುವುದರಿಂದ ‘ಒಬ್ಬೊಬ್ಬರ ಪರಿಸ್ಥಿತಿ ಒಂದೊಂದು ರೀತಿ’ ಎಂಬುದು ಅಲ್ಲಿಗೆ ಹೋದವರ ನಡುವೆ ನಾಣ್ಣುಡಿಯಂತೆ ಓಡಾಡುವ ಮಾತು.

ಅದೇ ಜಪಾನಿನಲ್ಲಿ 1993ರಲ್ಲಿ ಆರಂಭವಾದ ತಾಂತ್ರಿಕ ತರಬೇತಿ ಕಾರ್ಯಕ್ರಮದ ಅನುಭವ ಬೇರೆಯೇ. ತರಬೇತಿಯೆಂಬ ಹೆಸರಿನಲ್ಲಿ ಬಂದವರಿಗೆ ಮಾಲೀಕನನ್ನು ಬದಲಿಸುವ ಹಕ್ಕು ಮೂಲತಃ ಇರಲಿಲ್ಲ. ಹಾಗಾಗಿ ಪ್ರತಿವರ್ಷ ಸಾವಿರಾರು ಮಂದಿ ಹೇಳದೆ ಕೇಳದೆ ಕೆಲಸದ ಜಾಗ ಬಿಟ್ಟು ಕಣ್ಮರೆಯಾಗುತ್ತಿದ್ದರು. ಹಲವು ವರ್ಷಗಳ ಟೀಕೆಯ ನಂತರ 2024ರಲ್ಲಿ ಅಲ್ಲಿನ ಸಂಸತ್ತು ಅದರ ಜಾಗಕ್ಕೆ ಹೊಸ ವ್ಯವಸ್ಥೆ ತರುವ ಕಾನೂನನ್ನು ಅಂಗೀಕರಿಸಿತು. 2027ರಲ್ಲಿ ಜಾರಿಗೆ ಬರಬೇಕಾದ ಆ ವ್ಯವಸ್ಥೆಯಲ್ಲಿ ಒಂದೆರಡು ವರ್ಷದ ನಂತರ ಕೆಲಸದ ಜಾಗ ಬದಲಿಸಲು ಅವಕಾಶವಿದೆ. ಹಾಂಗ್‌ಕಾಂಗ್‌ನಲ್ಲಿ ಮನೆಕೆಲಸಕ್ಕೆ ಬಂದ ವಿದೇಶಿಯರ ಕರಾರು ಮುರಿದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಅವರು ಹೊರಡಬೇಕೆಂಬ ನಿಯಮ 1987ರಿಂದಲೂ ಇದೆ. ಬಾಕಿ ಸಂಬಳಕ್ಕಾಗಿ ಮೊಕದ್ದಮೆ ಹೂಡಬೇಕಾದವಳಿಗೆ ಎರಡು ವಾರವೆಂದರೆ ಎಷ್ಟು? ಕೆಲಸ ಬಿಟ್ಟ ಮರುದಿನದ ಬಗ್ಗೆ ನಾನು ಮತ್ತೆ ಮತ್ತೆ ಕೇಳುತ್ತಿರುವುದು ಇದಕ್ಕಾಗಿಯೇ.

ತಾತ್ಕಾಲಿಕ ಎಂಬ ಮಾತಿಗೆ ಇತಿಹಾಸದಲ್ಲಿ ಯಾವ ಗತಿ ಬಂದಿದೆಯೆಂಬುದನ್ನೂ ನೋಡಬೇಕು. 1942ರಿಂದ 1964ರವರೆಗೆ ಅಮೆರಿಕವು ಮೆಕ್ಸಿಕೊದಿಂದ ಕೃಷಿ ಕಾರ್ಮಿಕರನ್ನು ಕರಾರಿನ ಮೇಲೆ ಕರೆತಂದ ‘ಬ್ರಸೆರೊ’ ಕಾರ್ಯಕ್ರಮದ ಮೊದಲ ವರ್ಷಗಳಲ್ಲಿ, ಊರಿಗೆ ಮರಳಿದ ಮೇಲೆ ಕೊಡುವುದಾಗಿ ಹೇಳಿ ಕೂಲಿಯ ಹತ್ತನೇ ಒಂದು ಭಾಗವನ್ನು ಹಿಡಿದಿಡಲಾಯಿತು. ಅನೇಕರಿಗೆ ಆ ಹಣ ತಲುಪಲೇ ಇಲ್ಲ; ಮುಪ್ಪಿನ ವಯಸ್ಸಿನಲ್ಲೂ ಅವರು ಅದಕ್ಕಾಗಿ ಹೋರಾಡಿದರು. ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಕಾರ್ಮಿಕರ ಒಪ್ಪಂದ ಮಾಡಿಕೊಂಡಿತು. ಟರ್ಕಿಯವರು ಎರಡು ವರ್ಷ ದುಡಿದು ಮರಳಬೇಕು, ಅವರ ಜಾಗಕ್ಕೆ ಹೊಸಬರು ಬರಬೇಕು ಎಂಬುದು ಮೂಲ ಲೆಕ್ಕ. ಪಳಗಿದವರನ್ನು ಕಳಿಸಿ ಪ್ರತಿಸಲವೂ ಹೊಸಬರಿಗೆ ಕಲಿಸುವುದು ಕಾರ್ಖಾನೆಯವರಿಗೇ ಬೇಡವಾಯಿತು. 1964ರಲ್ಲಿ ಆ ಮಿತಿಯನ್ನು ಕೈಬಿಡಲಾಯಿತು. ಎಷ್ಟು ದಿನ ಇರುತ್ತೇವೆಂಬುದು ಹೋಗುವವರ ಮನಸ್ಸಿನ ಲೆಕ್ಕದಂತೆ ಮಾತ್ರ ನಡೆಯುವುದಿಲ್ಲ, ಕರೆಸಿಕೊಂಡವರ ಅಗತ್ಯದಂತೆಯೂ ನಡೆಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಕೆಲವು ದೇಶಗಳು ಕಟ್ಟುಬಿದ್ದವರಿಗೂ ಹೊರಬರುವ ಬಾಗಿಲು ಇಟ್ಟಿರುವುದು ನನಗೆ ನಿಜವಾದ ಸಮಾಧಾನ ತಂದಿದೆ. ಕೆನಡಾ 2019ರ ಜೂನ್‌ನಿಂದ, ದೌರ್ಜನ್ಯಕ್ಕೆ ಒಳಗಾದ ಅಥವಾ ಅದರ ಅಪಾಯದಲ್ಲಿರುವ ಕಾರ್ಮಿಕರಿಗೆ ಮುಕ್ತ ಪರವಾನಗಿ ಕೊಡುತ್ತಿದೆ. ನ್ಯೂಜಿಲೆಂಡ್ 2021ರಲ್ಲಿ ಶೋಷಣೆಯಿಂದ ಹೊರಬರುವವರಿಗೆಂದೇ ಪ್ರತ್ಯೇಕ ವೀಸಾ ತಂದಿತು. ಆಸ್ಟ್ರೇಲಿಯಾ 2024ರ ಜುಲೈಯಿಂದ, ಉದ್ಯೋಗದಾತನೇ ಪ್ರಾಯೋಜಿಸಿದ ವೀಸಾದವರು ಕೆಲಸ ಬಿಟ್ಟ ಮೇಲೆ ಹೊಸ ಪ್ರಾಯೋಜಕರನ್ನು ಹುಡುಕಲು ಇದ್ದ 60 ದಿನಗಳ ಗಡುವನ್ನು 180 ದಿನಗಳಿಗೆ ಏರಿಸಿತು; ಬಾಕಿ ವೇತನಕ್ಕಾಗಿ ಹೋರಾಡುತ್ತಿರುವವರು ಉಳಿಯಲೆಂದು ಇನ್ನೊಂದು ವೀಸಾವನ್ನೂ ಪ್ರಾಯೋಗಿಕವಾಗಿ ಆರಂಭಿಸಿತು. ಇಂಥ ಬಾಗಿಲುಗಳಿವೆ ಎಂದು ಹೊರಡುವ ಮೊದಲೇ ತಿಳಿದಿರಬೇಕು. ತೊಂದರೆಯ ನಡುವೆ ನಿಂತು ಕಾನೂನು ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಕೆಲಸ ಕೊಡಿಸಿದ್ದಕ್ಕೆ ದುಡಿಯುವವನಿಂದ ಶುಲ್ಕ ಪಡೆಯಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಖಾಸಗಿ ಉದ್ಯೋಗ ಏಜೆನ್ಸಿಗಳ ಒಡಂಬಡಿಕೆ ಸಾರುತ್ತದೆ. ಕೆಲವು ವಿನಾಯಿತಿಗಳಿವೆ, ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ. ಆದರೂ ಏಜೆಂಟನು ಹಣ ಕೇಳಿದಾಗ ‘ಇದು ಯಾವುದರ ಬಾಬ್ತು?’ ಎಂದು ಬರಹದಲ್ಲಿ ಕೇಳುವುದಕ್ಕೆ ಅಷ್ಟು ಬಲ ಸಾಕು. ವೀಸಾ ಶುಲ್ಕ, ವೈದ್ಯಕೀಯ ತಪಾಸಣೆ, ವಿಮಾನ ಟಿಕೆಟ್ಟು ಇವೆಲ್ಲ ನಿಮ್ಮ ಖರ್ಚೇ ಇರಬಹುದು. ‘ಕೆಲಸದ ಬೆಲೆ’ ಎಂಬುದೊಂದು ಇರಕೂಡದು. ಸಾಲ ಮಾಡಿ ಆ ಬೆಲೆ ತೆತ್ತು ಹೋದವನ ಮುಕ್ತ ಪರವಾನಗಿಯೂ ಕಟ್ಟುಬಿದ್ದ ಹಾಗೆಯೇ, ಏಕೆಂದರೆ ಸಾಲ ತೀರುವವರೆಗೆ ಅವನು ಯಾವ ಕೆಲಸವನ್ನೂ ಬಿಡಲಾರ.

ಪಾಸ್‌ಪೋರ್ಟನ್ನು ‘ಭದ್ರವಾಗಿಡುತ್ತೇನೆ’ ಎಂದು ಕೇಳುವವರಿಗೆ ಕೊಡಬೇಡಿ. ವಲಸೆ ಕಾರ್ಮಿಕರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ 1990ರ ಒಡಂಬಡಿಕೆಯ 21ನೇ ವಿಧಿ, ಅಧಿಕಾರವುಳ್ಳ ಸರ್ಕಾರಿ ಸಿಬ್ಬಂದಿಯನ್ನುಳಿದು ಬೇರಾರೂ ಗುರುತಿನ ದಾಖಲೆಗಳನ್ನು ವಶಪಡಿಸಿಕೊಳ್ಳುವುದು ಕಾನೂನುಬಾಹಿರವೆನ್ನುತ್ತದೆ. ನಕಲು ಪ್ರತಿ ಬೇಕಾದರೆ ಕೊಡಿ.

ಕೈಯಲ್ಲಿ ಇಂತಿಷ್ಟು ಹಣವಿರಬೇಕೆಂದು ಈ ಕಾರ್ಯಕ್ರಮಗಳು ಕೇಳುವುದನ್ನು ಕೆಲವರು ಅಡ್ಡಿಯೆಂದು ಬಗೆದು, ಅರ್ಜಿಯ ದಿನಗಳಿಗೆ ಮಾತ್ರ ಯಾರಿಂದಲೋ ತಂದು ಖಾತೆಯಲ್ಲಿ ತೋರಿಸುತ್ತಾರೆ. ಬ್ರಿಟನ್ 2,530 ಪೌಂಡ್ ಸತತ 28 ದಿನ ಖಾತೆಯಲ್ಲಿರಬೇಕೆನ್ನುತ್ತದೆ, ಆಸ್ಟ್ರೇಲಿಯಾ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್, ಕೆನಡಾ 2,500 ಕೆನಡಿಯನ್ ಡಾಲರ್. ಈ ಹಣ ನಿಜವಾಗಿಯೂ ನಿಮ್ಮದಾಗಿರಬೇಕು. ಮೊದಲ ಸಂಬಳ ಬರುವ ಮುನ್ನ ಬಾಡಿಗೆ ಮುಂಗಡ, ಓಡಾಟ, ಕೆಲಸಕ್ಕೆ ಬೇಕಾದ ಪ್ರಮಾಣಪತ್ರ ಎಲ್ಲಕ್ಕೂ ಅದೇ ಆಧಾರ. ಅದಕ್ಕಿಂತ ಮುಖ್ಯವಾಗಿ, ಕೆಟ್ಟ ಕೆಲಸವನ್ನು ಬೇಡವೆನ್ನುವ ಶಕ್ತಿ ಇರುವುದು ಅದರಲ್ಲಿಯೇ. ಆರೋಗ್ಯ ವಿಮೆಯ ವಿಷಯದಲ್ಲೂ ಅಷ್ಟೆ: ಕೆನಡಾದಲ್ಲಿ ವಿಮೆಯ ಅವಧಿ ಚಿಕ್ಕದಾದರೆ ಪರವಾನಗಿಯ ಅವಧಿಯನ್ನೇ ಅದಕ್ಕೆ ಸರಿಯಾಗಿ ಕಡಿತಗೊಳಿಸಬಹುದು.

ತೆರಿಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ: 183 ದಿನಗಳಿಗಿಂತ ಕಡಿಮೆ ಇದ್ದರೆ ಆ ದೇಶದಲ್ಲಿ ತೆರಿಗೆಯಿಲ್ಲ ಎಂದು. ಒಂದೇ ಆದಾಯಕ್ಕೆ ಎರಡು ದೇಶಗಳಲ್ಲಿ ತೆರಿಗೆ ಬೀಳದಂತೆ ದೇಶಗಳು ಮಾಡಿಕೊಂಡ ದ್ವಿತೆರಿಗೆ ಒಪ್ಪಂದಗಳ ಆ ವಿನಾಯಿತಿ ಸಿಗಬೇಕಾದರೆ ಸಂಬಳ ಕೊಡುವವರೂ ಆ ದೇಶದವರಾಗಿರಬಾರದು. ಅಲ್ಲಿನ ಮಾಲೀಕನಿಂದ ಸಂಬಳ ಪಡೆಯುವವನಿಗೆ ಮೊದಲ ದಿನದಿಂದಲೇ ಅಲ್ಲಿನ ತೆರಿಗೆ ಅನ್ವಯಿಸಬಹುದು. ಆಸ್ಟ್ರೇಲಿಯಾದಲ್ಲಿ ವರ್ಕಿಂಗ್ ಹಾಲಿಡೇಯವರು ಮೊದಲ ಡಾಲರಿನಿಂದಲೇ, 45,000 ಡಾಲರ್‌ವರೆಗೆ, ಶೇಕಡ 15ರ ದರದಲ್ಲಿ ತೆರುತ್ತಾರೆ. ಇದನ್ನು ಪ್ರಶ್ನಿಸಿ ಬ್ರಿಟಿಷ್ ಯುವತಿಯೊಬ್ಬಳು ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದಳು; ತೆರಿಗೆಯ ದೃಷ್ಟಿಯಲ್ಲಿ ಅಲ್ಲಿನ ನಿವಾಸಿಯಾಗಿದ್ದ ಅವಳಿಗೆ, ಅಲ್ಲಿನ ಪ್ರಜೆಗಳಿಗಿಂತ ಹೆಚ್ಚಿನ ತೆರಿಗೆ ಹೇರಬಾರದೆನ್ನುವ, ಬ್ರಿಟನ್ನಿನೊಂದಿಗಿನ ತೆರಿಗೆ ಒಪ್ಪಂದದ ತಾರತಮ್ಯ ನಿಷೇಧದ ವಿಧಿ ಅನ್ವಯಿಸುತ್ತದೆಂದು 2021ರ ನವೆಂಬರಿನಲ್ಲಿ ತೀರ್ಪು ಬಂತು. ಹಾಗೆಂದು ಎಲ್ಲ ದೇಶದವರಿಗೂ ಆ ಲಾಭವಿಲ್ಲ. ಯಾವ ದೇಶದ ಒಪ್ಪಂದದಲ್ಲಿ ಅಂಥ ವಿಧಿಯಿದೆಯೋ ಅವರಿಗೆ ಮಾತ್ರ. ನಿವೃತ್ತಿ ನಿಧಿಗೆ ಮಾಲೀಕರು ಕಟ್ಟಿದ ಹಣವನ್ನು ದೇಶ ಬಿಟ್ಟ ಮೇಲೆ ವಾಪಸು ಪಡೆಯಬಹುದಾದರೂ ಈ ವೀಸಾದವರಿಗೆ ಅದರಲ್ಲಿ ಶೇಕಡ 65 ತೆರಿಗೆಗೆ ಹೋಗುತ್ತದೆ. ನೂರರಲ್ಲಿ ಮೂವತ್ತೈದು ಬಂದೀತು. ಅಷ್ಟಾದರೂ ನಿಮ್ಮ ದುಡಿಮೆಯದೇ. ಅರ್ಜಿ ಹಾಕದೆ ಬಿಡಬೇಡಿ.

ಅಲ್ಲಿಗೆ ಹೋದ ಮೇಲೆ ಒಂದು ಸಣ್ಣ ಪುಸ್ತಕವಿಟ್ಟುಕೊಂಡು ಪ್ರತಿದಿನ ಎಷ್ಟಕ್ಕೆ ಸೇರಿದೆ, ಎಷ್ಟಕ್ಕೆ ಬಿಟ್ಟೆ, ಊಟದ ಬಿಡುವು ಎಷ್ಟು, ಜೊತೆಗಿದ್ದವರು ಯಾರು ಎಂದು ಬರೆಯಿರಿ. ನನ್ನ ಹನ್ನೊಂದು ದಿನಗಳ ಹಿಂಜರಿಕೆ ಕೊನೆಗೆ ಮುಗಿದದ್ದು ಅಂಥ ಒಂದು ಪುಸ್ತಕದಿಂದ. ನನ್ನ ಮಾತಿಗೆ ಇಲ್ಲದ ಬಲ ಆ ಗೀಚು ಅಕ್ಷರಗಳಿಗಿತ್ತು. ಸಂಬಳವನ್ನು ನಗದಾಗಿ ಕೊಡುತ್ತೇವೆ, ಚೀಟಿ ಬೇಡ ಎನ್ನುವವರಲ್ಲಿ ಕೆಲಸಕ್ಕೆ ನಿಲ್ಲಬೇಡಿ. ವೀಸಾದ ಷರತ್ತಿನಲ್ಲಿ ನೀವೇನಾದರೂ ತಪ್ಪಿದ್ದರೂ ದುಡಿದ ದುಡಿಮೆಗೆ ಕೂಲಿ ಕೇಳುವ ಹಕ್ಕು ಹಲವು ದೇಶಗಳಲ್ಲಿ ಹೋಗುವುದಿಲ್ಲ. ಆಸ್ಟ್ರೇಲಿಯಾ 2023ರಲ್ಲಿ ತನ್ನ ಕಾರ್ಮಿಕ ಕಾನೂನಿನಲ್ಲೇ ಇದನ್ನು ಸ್ಪಷ್ಟಪಡಿಸಿತು.

ಒಂಟಿತನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಸಾಮಾನ್ಯವಾಗಿ ಮೊದಲ ವಾರ ಬರುವುದಿಲ್ಲ, ಎಲ್ಲ ಹೊಸತೂ ಹಳತಾದ ಮೇಲೆ, ಎರಡು ಮೂರನೆಯ ತಿಂಗಳಲ್ಲಿ ಬರುತ್ತದೆ. ಆಗ ಮನೆಯವರಿಗೆ ‘ಎಲ್ಲ ಚೆನ್ನಾಗಿದೆ’ ಎಂದು ಮಾತ್ರ ಹೇಳುವ ಅಭ್ಯಾಸ ಬಿಟ್ಟು, ನಿಜ ಹೇಳಬಹುದಾದ ಒಬ್ಬರನ್ನಾದರೂ ಹೊರಡುವ ಮೊದಲೇ ಗೊತ್ತುಮಾಡಿಕೊಂಡಿರಿ. ಕೆಲಸದ ಕರಾರಿನ ಒಂದು ಪ್ರತಿಯೂ ಅವರ ಬಳಿ ಇರಲಿ.

ಹಿಂದೊಮ್ಮೆ ಇಂಥದೇ ಉಪನ್ಯಾಸ ಮುಗಿದ ಮೇಲೆ ಯುವತಿಯೊಬ್ಬಳು ತನಗೆ ಬಂದ ಕರಾರುಪತ್ರವನ್ನು ತಂದು ತೋರಿಸಿದಳು. ಮರುದಿನ ಸಹಿ ಮಾಡಿ ಕಳಿಸಬೇಕಿತ್ತು. ಇಬ್ಬರೂ ಒಂದು ಮೂಲೆಯಲ್ಲಿ ಕುಳಿತು ಓದಿದೆವು. ಪರವಾನಗಿ ಯಾರ ಹೆಸರಿನಲ್ಲಿರುತ್ತದೆಂದು ಮೊದಲ ಪುಟದಲ್ಲಿ ಇರಲಿಲ್ಲ. ನಾಲ್ಕನೆಯ ಪುಟದಲ್ಲಿ, ನೋಟಿಸಿನ ಅವಧಿಯ ಕೆಳಗೆ ಇತ್ತು. ಅದು ಉದ್ಯೋಗದಾತನಿಗೆ ಸೀಮಿತವಾದದ್ದು. ವಸತಿಯ ಬಾಬ್ತು ಸಂಬಳದಲ್ಲಿ ಕಡಿತವೆಂದಿತ್ತು, ಎಷ್ಟೆಂದು ಇರಲಿಲ್ಲ. ಸಹಿ ಮಾಡಬೇಡವೆಂದು ನಾನು ಹೇಳಲಿಲ್ಲ. ಆ ಮೊತ್ತವೆಷ್ಟು, ಕೆಲಸ ಬಿಟ್ಟರೆ ಆ ಕೋಣೆಯಲ್ಲಿ ಎಷ್ಟು ದಿನ ಇರಬಹುದು, ಹೊಸ ಉದ್ಯೋಗದಾತನನ್ನು ಹುಡುಕಲು ಆ ದೇಶದ ನಿಯಮ ಎಷ್ಟು ದಿನ ಕೊಡುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಅವಳು ಅಲ್ಲೇ ಕುಳಿತು ಬರೆದಳು. ಮೊದಲಿನ ಎರಡನ್ನು ಸಂಸ್ಥೆಗೆ ಕಳಿಸಿದಳು. ಮೂರನೆಯದರ ಉತ್ತರವನ್ನು ಆ ದೇಶದ ವಲಸೆ ಇಲಾಖೆಯ ಜಾಲತಾಣದಲ್ಲಿ ಹುಡುಕತೊಡಗಿದಳು.